ಭಾರತದ ಸರಾಸರಿ 70, ನನಗೀಗ 67: ಉಳಿದದ್ದು ಮೂರೇ ವರ್ಷವೇ?

ಪ್ರಶ್ನೆ: ನನಗೆ 67 ವರ್ಷ, ಪತ್ನಿಗೆ 61. ಶಿವಮೊಗ್ಗದಲ್ಲಿ ಸಹಕಾರಿ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತನಾದವನು. ತಿಂಗಳ ಪಿಂಚಣಿ ಇಲ್ಲ, ಕೈಗೆ ಬಂದ ಇಡುಗಂಟೇ ಆಧಾರ. ಭಾರತೀಯರ ಸರಾಸರಿ ಜೀವಿತಾವಧಿ 70 ವರ್ಷ ಎಂದು ಪತ್ರಿಕೆಯಲ್ಲಿ ಓದಿದೆ. ಹಾಗಾದರೆ ನನಗೆ ಉಳಿದದ್ದು ಮೂರು ವರ್ಷ. ಐದಾರು ವರ್ಷಕ್ಕಾಗುವಷ್ಟು ಹಣ ಇಟ್ಟುಕೊಂಡು ಮಿಕ್ಕದ್ದನ್ನು ಮಗಳ ಹೆಸರಿಗೆ ಬರೆದುಬಿಡೋಣ ಎಂದುಕೊಂಡಿದ್ದೇನೆ. ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಇಲ್ಲಿಗೇ ಬಂದುಬಿಡಿ, ಇಲ್ಲಿ ವೈದ್ಯಕೀಯ ಸೌಲಭ್ಯ ಚೆನ್ನಾಗಿದೆ ಎನ್ನುತ್ತಾಳೆ. ದುಬೈಯಲ್ಲಿರುವ ತಮ್ಮನ ಮಗ, ಅಮೆರಿಕಕ್ಕಿಂತ ನಮ್ಮಲ್ಲೇ ಆಯುಸ್ಸು ಹೆಚ್ಚು ಎಂದು ಒಂದು ಪಟ್ಟಿ ಕಳಿಸಿದ್ದಾನೆ. ಅದರಲ್ಲಿ ಜಪಾನ್ 84, ಯುಎಇ 83, ಅಮೆರಿಕ 78 ಎಂದಿದೆ. ನಮ್ಮಜ್ಜ 94 ವರ್ಷ ಬದುಕಿದ್ದರು, ಆದರೆ ಅವರ ಕಾಲದಲ್ಲಿ ಸರಾಸರಿ 30ರ ಆಸುಪಾಸು ಇತ್ತಂತೆ. ಇವುಗಳಲ್ಲಿ ಯಾವುದನ್ನು ನಂಬಲಿ?

ಉತ್ತರ: ಮೊದಲು ಹಣದ ಮಾತು. ಮಗಳ ಹೆಸರಿಗೆ ಸದ್ಯಕ್ಕೆ ಏನನ್ನೂ ಬರೆಯಬೇಡಿ. ನಿಮಗೆ ಉಳಿದದ್ದು ಮೂರು ವರ್ಷ ಎಂಬ ಲೆಕ್ಕ ತಪ್ಪು. ಸ್ವಲ್ಪಸ್ವಲ್ಪವಲ್ಲ, ಹತ್ತು ವರ್ಷದಷ್ಟು ತಪ್ಪು. ಜನಸಂಖ್ಯೆಯ ಅಂಕಿಅಂಶಗಳ ನಡುವೆಯೇ ತಲೆ ನರೆಸಿಕೊಂಡ ನನಗೆ ಅತಿ ಹೆಚ್ಚು ಬಾರಿ ಎದುರಾದ ತಪ್ಪು ಕಲ್ಪನೆಯೂ ಇದೇ. ಬ್ಯಾಂಕಿನಲ್ಲಿ ಬಡ್ಡಿಯ ಲೆಕ್ಕ ಪೈಸೆ ತಪ್ಪದಂತೆ ಹಾಕಿದವರು ಕೂಡ ಆಯುಸ್ಸಿನ ಲೆಕ್ಕಕ್ಕೆ ಬಂದಾಗ ಇಲ್ಲೇ ಎಡವುತ್ತಾರೆ, ಆದ್ದರಿಂದ ಮುಜುಗರಪಡಬೇಕಿಲ್ಲ.

ಆ 70 ಎಲ್ಲಿಂದ ಬಂತು ನೋಡೋಣ. ಭಾರತದ ಮಹಾ ನೋಂದಣಾಧಿಕಾರಿಗಳ ಕಚೇರಿ ಮಾದರಿ ನೋಂದಣಿ ವ್ಯವಸ್ಥೆಯ ಆಧಾರದಲ್ಲಿ ಪ್ರಕಟಿಸಿದ 2016-20ರ ಜೀವನ ಕೋಷ್ಟಕದ (ಯಾವ ವಯಸ್ಸಿನವರಿಗೆ ಸರಾಸರಿ ಇನ್ನೆಷ್ಟು ವರ್ಷ ಆಯುಸ್ಸು ಎಂಬ ಪಟ್ಟಿ) ಪ್ರಕಾರ, ಹುಟ್ಟಿದ ಕ್ಷಣದಲ್ಲಿ ನಿರೀಕ್ಷಿಸಬಹುದಾದ ಜೀವಿತಾವಧಿ ಸರಿಯಾಗಿ 70.0 ವರ್ಷ: ಗಂಡಸರಿಗೆ 68.6, ಹೆಂಗಸರಿಗೆ 71.4. ‘ಹುಟ್ಟಿದ ಕ್ಷಣದಲ್ಲಿ’ ಎಂಬುದನ್ನು ಎರಡು ಬಾರಿ ಓದಿಕೊಳ್ಳಿ. ಪತ್ರಿಕೆಯ ಶೀರ್ಷಿಕೆಯಲ್ಲಿ ಮೊದಲು ಉದುರಿಹೋಗುವುದು ಅದೇ. ಈ ಸಂಖ್ಯೆಯೊಳಗೆ ಹುಟ್ಟಿದ ವಾರದಲ್ಲೇ ತೀರಿಕೊಂಡ ಶಿಶುಗಳಿವೆ, ಹದಿನೆಂಟಕ್ಕೆ ಬೈಕ್ ಅಪಘಾತದಲ್ಲಿ ಹೋದ ಹುಡುಗರಿದ್ದಾರೆ, ನಲವತ್ತೈದಕ್ಕೆ ಹೃದಯಾಘಾತವಾದವರಿದ್ದಾರೆ. ನೀವು ಆ ಎಲ್ಲ ಗಂಡಾಂತರಗಳನ್ನೂ ದಾಟಿ ಬಂದವರು. ನಿಮ್ಮ ಲೆಕ್ಕ ನಿಮ್ಮ ವಯಸ್ಸಿನಿಂದ ಶುರುವಾಗಬೇಕು. ಅದೇ ಕೋಷ್ಟಕಗಳನ್ನು ಕೆಳಗಿನ ಸಾಲುಗಳವರೆಗೆ ಓದಿದರೆ, 60 ದಾಟಿದ ಭಾರತೀಯರಿಗೆ ಸರಾಸರಿ ಇನ್ನೂ 18 ವರ್ಷದ ಹತ್ತಿರ ಆಯುಸ್ಸು ಇದೆ. 67ರಲ್ಲಿರುವ ಗಂಡಸಿಗೆ ಅದು 12ರಿಂದ 14 ವರ್ಷದ ನಡುವೆ ಬರುತ್ತದೆ, ಅಂದರೆ 80ರ ಆಸುಪಾಸು. ಇದೂ ಸರಾಸರಿಯೇ ಆದ್ದರಿಂದ ನಿಮ್ಮ ಓರಗೆಯವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನೂ ಮೀರುತ್ತಾರೆ.

ನಿಮ್ಮಜ್ಜನ 94 ಮತ್ತು ಅವರ ಕಾಲದ 30 ಪರಸ್ಪರ ವಿರುದ್ಧ ಎಂದು ನಿಮಗೆ ಅನ್ನಿಸಿದ್ದೂ ಇದೇ ಕಾರಣಕ್ಕೆ. ಹತ್ತು ಮಕ್ಕಳು ಹುಟ್ಟಿದ ಒಂದು ಕೇರಿಯನ್ನು ತೆಗೆದುಕೊಳ್ಳಿ. ನಾಲ್ಕು ಮಕ್ಕಳು ವರ್ಷ ತುಂಬುವ ಮೊದಲೇ ಹೋದವು, ಉಳಿದ ಆರು ಜನ 70 ವರ್ಷ ಬದುಕಿದರು ಎನ್ನೋಣ. ಒಟ್ಟು 420 ವರ್ಷ, ಹತ್ತು ಜನಕ್ಕೆ ಹಂಚಿದರೆ 42. ಆ ಕೇರಿಯ ಸರಾಸರಿ ಜೀವಿತಾವಧಿ 42, ಆದರೆ ನಲವತ್ತೆರಡಕ್ಕೆ ಸತ್ತವರು ಒಬ್ಬರೂ ಇಲ್ಲ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ನಾಲ್ಕೈದು ಮಕ್ಕಳಲ್ಲಿ ಒಂದು ಮೊದಲ ವರ್ಷವೇ ತೀರಿಕೊಳ್ಳುತ್ತಿತ್ತು. 1941-51ರ ದಶಕದಲ್ಲಿ ಕೂಡ ಭಾರತದ ಸರಾಸರಿ 32 ವರ್ಷ. ಹಾಗೆಂದು ಎಲ್ಲವನ್ನೂ ಶಿಶುಮರಣದ ತಲೆಗೆ ಕಟ್ಟುವುದೂ ಸರಿಯಲ್ಲ. ನೀವು ಮಲೆನಾಡಿನವರು, ಮಲೇರಿಯಾ ಊರುಊರುಗಳನ್ನೇ ಬರಿದು ಮಾಡಿದ ಕಥೆ ನಿಮ್ಮ ಮನೆಯಲ್ಲೂ ಇರಬಹುದು. ಪ್ಲೇಗು, ಕ್ಷಯ, ಹೆರಿಗೆಯ ಸಾವು ಇವೆಲ್ಲ ವಯಸ್ಕರನ್ನೂ ಬಿಡಲಿಲ್ಲ. ನಿಮ್ಮಜ್ಜ ಅವನ್ನೆಲ್ಲ ಗೆದ್ದು ನಿಂತ ಕೆಲವರಲ್ಲಿ ಒಬ್ಬರು. ಗೆಲ್ಲದವರ ಕಥೆ ಹೇಳಲು ಮೊಮ್ಮಕ್ಕಳೇ ಹುಟ್ಟಲಿಲ್ಲ, ಆದ್ದರಿಂದ ‘ಹಿಂದಿನವರು ಗಟ್ಟಿ’ ಎಂಬ ಮಾತು ಎಲ್ಲ ಮನೆಗಳಲ್ಲೂ ಉಳಿದುಕೊಂಡಿದೆ.

ಇನ್ನೊಂದು ಸೂಕ್ಷ್ಮವಿದೆ, ದೇಶದೇಶಗಳನ್ನು ಹೋಲಿಸುವಾಗ ಇದು ಬಹಳ ಮುಖ್ಯ. ಇಂದು ಹುಟ್ಟಿದ ಮಗು ಮುಂದೆ ಎಷ್ಟು ವರ್ಷ ಬದುಕುತ್ತದೆ ಎಂಬುದು ಯಾವ ತಜ್ಞನಿಗೂ ತಿಳಿಯದು. ನಾವು ಮಾಡುವುದು ಇಷ್ಟೇ: ಒಂದು ನಿರ್ದಿಷ್ಟ ವರ್ಷದಲ್ಲಿ ಪ್ರತಿಯೊಂದು ವಯಸ್ಸಿನವರಲ್ಲಿ ಸಾವಿರಕ್ಕೆ ಎಷ್ಟು ಜನ ಸತ್ತರು ಎಂದು ನೋಡುತ್ತೇವೆ. ಆಮೇಲೆ ಕಾಗದದ ಮೇಲೆ ಒಂದು ಲಕ್ಷ ಶಿಶುಗಳನ್ನು ಹುಟ್ಟಿಸಿ, ಅವರ ಇಡೀ ಬದುಕು ಆ ಒಂದೇ ವರ್ಷದ ಸಾವಿನ ದರಗಳಲ್ಲಿ ಕಳೆಯುತ್ತದೆ ಎಂದು ಊಹಿಸಿ ಲೆಕ್ಕ ಹಾಕುತ್ತೇವೆ. ಆದ್ದರಿಂದ ಅದು ಭವಿಷ್ಯವಾಣಿ ಆಗಲಾರದು. ಅಮೆರಿಕದ ಹಳೆಯ ಅಂಕಿಗಳಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಸಿಗುತ್ತದೆ. 1917ರಲ್ಲಿ ಅಲ್ಲಿಯ ಜೀವಿತಾವಧಿ 50.9 ವರ್ಷ. ಇನ್‌ಫ್ಲುಯೆಂಜಾ ಬಂದ 1918ರಲ್ಲಿ 39.1ಕ್ಕೆ ಕುಸಿಯಿತು. 1919ರಲ್ಲಿ 54.7. ಹಾಗಾದರೆ 1918ರಲ್ಲಿ ಹುಟ್ಟಿದ ಅಮೆರಿಕನ್ನರು 39ನೇ ವಯಸ್ಸಿಗೆ ಸತ್ತರೇ? ಇಲ್ಲವೇ ಇಲ್ಲ. ಅವರು ತಮ್ಮ ಹಿಂದಿನ ಮುಂದಿನ ವರ್ಷದವರಂತೆಯೇ ಬದುಕಿದರು. ಆ ಒಂದು ವರ್ಷ ಕೆಟ್ಟದ್ದಾಗಿತ್ತು, ಅಷ್ಟೇ.

ನಮ್ಮಲ್ಲೂ ಇದೇ ನಡೆಯಿತು. ವಿಶ್ವಸಂಸ್ಥೆಯ ಅಂದಾಜಿನಲ್ಲಿ ಭಾರತದ ಜೀವಿತಾವಧಿ 2019ರಲ್ಲಿ 71ರ ಹತ್ತಿರ ಇತ್ತು, ಕೋವಿಡ್‌ನ ಎರಡನೆಯ ಅಲೆ ಬಡಿದ 2021ರಲ್ಲಿ 67ಕ್ಕೆ ಇಳಿಯಿತು, 2023ಕ್ಕೆ 72ಕ್ಕೆ ಏರಿತು. ನಮ್ಮ ಮಾದರಿ ನೋಂದಣಿಯ ಸಂಖ್ಯೆ ಐದು ವರ್ಷಗಳನ್ನು ಸೇರಿಸಿದ ಸರಾಸರಿ, ಆದ್ದರಿಂದ ಅದರಲ್ಲಿ ಇಂಥ ಏರಿಳಿತ ಅಷ್ಟಾಗಿ ಎದ್ದು ಕಾಣುವುದಿಲ್ಲ. ಅಂದರೆ ಒಂದೇ ದೇಶಕ್ಕೆ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ, 67 ಎಂದೂ 70 ಎಂದೂ 72 ಎಂದೂ ಮೂರು ಸಂಖ್ಯೆಗಳು ಸಿಗುತ್ತವೆ, ಮೂರೂ ಅವುಗಳ ಜಾಗದಲ್ಲಿ ಸರಿ. ಮೊಬೈಲ್‌ನಲ್ಲಿ ಹರಿದಾಡುವ ಪಟ್ಟಿಗಳು ಒಂದು ದೇಶಕ್ಕೆ ಒಂದು ಮೂಲದಿಂದ, ಇನ್ನೊಂದಕ್ಕೆ ಬೇರೆ ಮೂಲದಿಂದ, ಮತ್ತೊಂದಕ್ಕೆ ಬೇರೆ ವರ್ಷದಿಂದ ಸಂಖ್ಯೆಗಳನ್ನು ಹೆಕ್ಕಿ ಜೋಡಿಸಿದವು. ಮೂಲ, ವರ್ಷ ಎರಡೂ ನಮೂದಾಗದ ಪಟ್ಟಿಯನ್ನು ನಾನು ಓದುವುದೇ ಇಲ್ಲ.

ಅಂಕಿಗಳು ಹುಟ್ಟುವ ಜಾಗವನ್ನೂ ಸ್ವಲ್ಪ ನೋಡಬೇಕು. ಜಪಾನ್, ಸ್ವೀಡನ್‌ಗಳಲ್ಲಿ ಬಹುತೇಕ ಪ್ರತಿ ಸಾವೂ ದಾಖಲಾಗುತ್ತದೆ, ವಯಸ್ಸೂ ಕಾರಣವೂ ಗೊತ್ತಿರುತ್ತವೆ. ನಮ್ಮಲ್ಲಿ 1969ರ ಜನನ ಮರಣ ನೋಂದಣಿ ಕಾಯ್ದೆ ಇದೆ, 21 ದಿನದೊಳಗೆ ತಿಳಿಸಬೇಕು ಎಂಬ ನಿಯಮವೂ ಇದೆ. ಕರ್ನಾಟಕದಂಥ ರಾಜ್ಯಗಳಲ್ಲಿ ನೋಂದಣಿ ಚೆನ್ನಾಗಿದೆ, ಆದರೆ ಎಲ್ಲ ರಾಜ್ಯಗಳ ಮಾತು ಹಾಗಲ್ಲ. ಅದಕ್ಕೇ ಮಾದರಿ ನೋಂದಣಿ ವ್ಯವಸ್ಥೆಯಡಿ ದೇಶದಾದ್ಯಂತ ಎಂಟು ಸಾವಿರಕ್ಕೂ ಹೆಚ್ಚು ಮಾದರಿ ಘಟಕಗಳನ್ನು, ಅಂದರೆ ಆಯ್ದ ಹಳ್ಳಿಗಳನ್ನೂ ನಗರದ ಬ್ಲಾಕ್‌ಗಳನ್ನೂ, ಗೊತ್ತುಮಾಡಿಕೊಂಡಿದ್ದಾರೆ. ಸ್ಥಳೀಯರೊಬ್ಬರು, ಅನೇಕ ಕಡೆ ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಕ್ಷಕರು, ವರ್ಷವಿಡೀ ಹುಟ್ಟು ಸಾವುಗಳನ್ನು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು, ಆ ಪುಸ್ತಕ ನೋಡದೆ, ಮನೆಮನೆಗೆ ಹೋಗಿ ತಾವೇ ಬೇರೆಯಾಗಿ ಬರೆದುಕೊಳ್ಳುತ್ತಾರೆ. ಆಮೇಲೆ ಎರಡನ್ನೂ ಎದುರುಬದುರು ಇಟ್ಟು, ತಾಳೆಯಾಗದ ಪ್ರತಿಯೊಂದು ಸಾವಿಗೂ ಆ ಮನೆಗೆ ಮತ್ತೆ ಹೋಗಿ ವಿಚಾರಿಸುತ್ತಾರೆ. ‘ಸರ್ಕಾರಿ ಅಂಕಿ ಎಲ್ಲ ಸುಳ್ಳು’ ಎಂದು ಕೈಯಾಡಿಸುವವರು ಈ ಕೆಲಸವನ್ನು ಒಮ್ಮೆ ನೋಡಬೇಕು. ಜಗತ್ತಿನ ದೊಡ್ಡ ಜನಸಂಖ್ಯಾ ಸಮೀಕ್ಷೆಗಳಲ್ಲಿ ಇದೂ ಒಂದು, ಬಡತನದ ದಿನಗಳಲ್ಲಿ ಕಟ್ಟಿದ್ದು.

ಅದರ ದುರ್ಬಲ ಜಾಗ ಎಂದರೆ ವೃದ್ಧರ ವಯಸ್ಸು. ನಿಮ್ಮ ವಾರಗೆಯವರ ಜನ್ಮದಿನಗಳನ್ನೇ ನೆನಪಿಸಿಕೊಳ್ಳಿ, ಅವರಲ್ಲಿ ಎಷ್ಟು ಜನ ಜೂನ್ 1ರಂದು ಹುಟ್ಟಿದವರು? ಶಾಲೆಗೆ ಸೇರಿಸುವ ದಿನ ಮೇಷ್ಟ್ರು, ಹುಡುಗನ ಎತ್ತರ ನೋಡಿ, ಬರೆದ ತಾರೀಕು ಅದು. ಶಾಲೆಯ ಮುಖವನ್ನೇ ಕಾಣದ ಅಜ್ಜಿಯರ ವಯಸ್ಸಂತೂ ಮನೆಯವರ ಅಂದಾಜು: ಅರವತ್ತು, ಎಪ್ಪತ್ತು, ಎಂಬತ್ತು ಹೀಗೆ ಸೊನ್ನೆಯಲ್ಲೋ ಐದರಲ್ಲೋ ನಿಲ್ಲುತ್ತದೆ. ತೀರಾ ವಯಸ್ಸಾದವರಿಗೆ ಇನ್ನೂ ನಾಲ್ಕು ವರ್ಷ ಸೇರಿಸಿ ಹೇಳುವುದು ಒಂದು ಹೆಮ್ಮೆ. ಆದ್ದರಿಂದ 80 ದಾಟಿದವರ ಭಾರತೀಯ ಅಂಕಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಶಿಶುಮರಣದ ಅಂಕಿಗಳ ಮೇಲೆ ಹೆಚ್ಚು ಭರವಸೆ ಇದೆ.

ಈ ರೋಗ ನಮ್ಮದೊಂದೇ ಅಲ್ಲ. 2010ರಲ್ಲಿ ಟೋಕಿಯೋದಲ್ಲಿ ನಗರದ ಅತಿ ಹಿರಿಯ ಗಂಡಸು ಎಂದು ದಾಖಲೆಯಲ್ಲಿದ್ದ 111 ವರ್ಷದವರನ್ನು ಅಭಿನಂದಿಸಲು ಅಧಿಕಾರಿಗಳು ಹೋದರೆ, ಅವರು ತೀರಿಕೊಂಡು ಮೂವತ್ತು ವರ್ಷವಾಗಿದ್ದುದು ಬೆಳಕಿಗೆ ಬಂತು. ಮನೆಯವರು ಸುಮ್ಮನಿದ್ದು ಪಿಂಚಣಿ ಪಡೆಯುತ್ತಿದ್ದರು. ಆಮೇಲೆ ಹುಡುಕಿದಾಗ ಕುಟುಂಬ ನೋಂದಣಿ ಪುಸ್ತಕಗಳಲ್ಲಿ ಮಾತ್ರ ‘ಬದುಕಿದ್ದ’, ವಿಳಾಸವೇ ಗೊತ್ತಿಲ್ಲದ ಶತಾಯುಷಿಗಳು ಎರಡು ಲಕ್ಷಕ್ಕೂ ಹೆಚ್ಚು ಸಿಕ್ಕರು! ಇದನ್ನು ಹಿಡಿದುಕೊಂಡು ‘ಜಪಾನಿನ ದೀರ್ಘಾಯುಸ್ಸು ಬರೀ ಬೊಗಳೆ’ ಎಂದವರೂ ಇದ್ದಾರೆ. ಅದು ನಿಜವಲ್ಲ. ಜೀವಿತಾವಧಿಯ ಲೆಕ್ಕಕ್ಕೆ ಜನಸಂಖ್ಯೆ ಬರುವುದು ಜನಗಣತಿಯಿಂದಲೇ ಹೊರತು ಆ ಹಳೆಯ ಪುಸ್ತಕಗಳಿಂದಲ್ಲ. ಅದೂ ಅಲ್ಲದೆ ನೂರರ ಆಚೆಯ ಕೆಲವರು ಹೆಚ್ಚಾದರೂ ಕಡಿಮೆಯಾದರೂ ಇಡೀ ದೇಶದ ಸರಾಸರಿ ಅಲ್ಲಾಡುವುದಿಲ್ಲ. ಶತಾಯುಷಿಗಳ ಸಂಖ್ಯೆಯನ್ನು ನಂಬಬೇಡಿ, ಸರಾಸರಿಯನ್ನು ನಂಬಬಹುದು. ಎರಡೂ ಬೇರೆಬೇರೆ.

ಈಗ ನಿಮ್ಮ ತಮ್ಮನ ಮಗನ ಪಟ್ಟಿಗೆ ಬರೋಣ.

ಕೊಲ್ಲಿ ರಾಷ್ಟ್ರಗಳ ಬಗ್ಗೆ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಒಂದು, ಅಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಒಂದೋ ಎರಡೋ ಸಾವು, ಜಪಾನಿನಲ್ಲಿ 12ರಿಂದ 13. ಭಾರತದಲ್ಲಿ 2020ರಲ್ಲಿ 6. ಇದನ್ನು ನೋಡಿ ಜಪಾನಿಗಿಂತ ಭಾರತವೇ ಆರೋಗ್ಯವಂತ ದೇಶ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಇದು ಕಚ್ಚಾ ಮರಣ ಪ್ರಮಾಣ. ಮುದುಕರು ಹೆಚ್ಚಿರುವ ದೇಶದಲ್ಲಿ ಸಾವೂ ಹೆಚ್ಚು, ಹರೆಯದವರು ತುಂಬಿರುವ ಕಡೆ ಕಡಿಮೆ. ಜೀವಿತಾವಧಿಯ ಲೆಕ್ಕ ವಯಸ್ಸುವಾರು ನಡೆಯುವುದರಿಂದ ಈ ದೋಷ ಅದಕ್ಕೆ ತಟ್ಟುವುದಿಲ್ಲ. ಎರಡನೆಯದು ತಟ್ಟುತ್ತದೆ. ಯುಎಇಯ ನಿವಾಸಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಹೊರದೇಶದವರು. ವೀಸಾ ಸಿಗಬೇಕಾದರೆ ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, ಕೆಲಸ ಇದ್ದಷ್ಟು ದಿನ ವಾಸ. ಮೂತ್ರಪಿಂಡ ಕೈಕೊಟ್ಟಾಗ, ಹೃದಯ ಸೋತಾಗ, ಅಥವಾ ಸುಮ್ಮನೆ ವಯಸ್ಸಾದಾಗ, ಅವರಲ್ಲಿ ಬಹಳಷ್ಟು ಜನ ಊರಿಗೆ ಮರಳುತ್ತಾರೆ. ಅವರ ದುಡಿಮೆಯ ವರ್ಷಗಳೆಲ್ಲ ದುಬೈಯ ಲೆಕ್ಕಕ್ಕೆ, ಸಾವು ಭಟ್ಕಳದ್ದೋ ಉಡುಪಿಯದ್ದೋ ಲೆಕ್ಕಕ್ಕೆ. ಕರಾವಳಿಯ ಯಾವ ಆಸ್ಪತ್ರೆಗೆ ಹೋದರೂ ಇಂಥವರು ಕಾಣುತ್ತಾರೆ. ಅಲ್ಲಿಯ ಚಿಕಿತ್ಸಾ ಸೌಲಭ್ಯ ಒಳ್ಳೆಯದಿರಬಹುದು, ಅದು ಬೇರೆ ಮಾತು, ಆದರೆ ಆ 83 ಅದಕ್ಕೆ ಸಾಕ್ಷಿಯಲ್ಲ.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯದ್ದು, ನಿಮಗೆ ನೇರವಾಗಿ ಸಂಬಂಧಿಸಿದ್ದೂ ಹೌದು. ಜಗತ್ತಿನಲ್ಲಿ ಆರೋಗ್ಯಕ್ಕಾಗಿ ಅತಿ ಹೆಚ್ಚು ಖರ್ಚು ಮಾಡುವ ದೇಶ, ಆದರೂ 2023ರಲ್ಲಿ ಅಲ್ಲಿಯ ಜೀವಿತಾವಧಿ 78.4. ಗಂಡಸರಿಗೆ 75.8. ಅದೇ ವರ್ಷ ಜಪಾನಿನ ಗಂಡಸರಿಗೆ 81.1. ವ್ಯತ್ಯಾಸ ಐದು ವರ್ಷಕ್ಕೂ ಹೆಚ್ಚು. ಈಗ 65ನೇ ವಯಸ್ಸಿನ ಸಾಲನ್ನು ತೆಗೆಯಿರಿ. ಅಮೆರಿಕದ ಗಂಡಸಿಗೆ ಇನ್ನು 18.2 ವರ್ಷ, ಜಪಾನಿನವನಿಗೆ 19.5. ಐದು ವರ್ಷದ ಅಂತರ ಒಂದೂಕಾಲು ವರ್ಷಕ್ಕೆ ಕರಗಿತು! ಅಂದರೆ ಅಮೆರಿಕನ್ನರು ಕಳೆದುಕೊಳ್ಳುವ ವರ್ಷಗಳಲ್ಲಿ ದೊಡ್ಡ ಪಾಲು 65ಕ್ಕೆ ಮೊದಲೇ ಹೋಗಿರುತ್ತದೆ. ಮಾದಕ ವಸ್ತುಗಳ ಅತಿಸೇವನೆಯಿಂದ 2021ರಿಂದ 2023ರವರೆಗೆ ಪ್ರತಿ ವರ್ಷ ಅಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ನಡುವಯಸ್ಸಿನವರು. ಜೊತೆಗೆ ಬಂದೂಕು, ರಸ್ತೆ ಅಪಘಾತ, ಬೊಜ್ಜಿನಿಂದ ಬೇಗನೆ ಬರುವ ಹೃದ್ರೋಗ. ಇದನ್ನೆಲ್ಲ ನೋಡಿ ‘ಅಮೆರಿಕದ ಆಸ್ಪತ್ರೆಗಳು ಕೆಟ್ಟವು’ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹೆಂಗಸರಲ್ಲಿ ಮಾತ್ರ ಅಂತರ ಇಷ್ಟು ಕರಗುವುದಿಲ್ಲ: 65ರ ಅಮೆರಿಕನ್ ಮಹಿಳೆಗೆ 20.7 ವರ್ಷ, ಜಪಾನಿನ ಮಹಿಳೆಗೆ 24.4. ಒಂದು ಕಾಲಕ್ಕೆ ಅಮೆರಿಕದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಸಿಗರೇಟು ಸೇದುತ್ತ ಬಂದ ಫಲ ಅದರಲ್ಲಿ ಇದೆ.

ಶಿಶುಮರಣದ ಹೋಲಿಕೆಯಲ್ಲೂ ಒಂದು ಗಂಟಿದೆ. ಇಪ್ಪತ್ತೆರಡು ವಾರಕ್ಕೆ ಹುಟ್ಟಿ ಒಂದು ಗಂಟೆ ಉಸಿರಾಡಿದ ಕೂಸನ್ನು ಒಂದು ದೇಶ ‘ಜೀವಂತ ಜನನ, ಆಮೇಲೆ ಸಾವು’ ಎಂದು ಬರೆದರೆ, ಇನ್ನೊಂದು ಕಡೆ ಅದು ಗರ್ಭಪಾತದ ಲೆಕ್ಕಕ್ಕೆ ಹೋಗಬಹುದು. 2010ರ ಅಂಕಿಗಳಲ್ಲಿ ಅಮೆರಿಕದ ಶಿಶುಮರಣ ಸಾವಿರಕ್ಕೆ 6.1. 24 ವಾರಕ್ಕೆ ಮೊದಲು ಹುಟ್ಟಿದ ಶಿಶುಗಳನ್ನು ಬಿಟ್ಟು ನೋಡಿದರೆ 4.2ಕ್ಕೆ ಇಳಿಯುತ್ತದೆ. ಆದರೂ ಅದು ಫಿನ್ಲೆಂಡಿನ ಎರಡರಷ್ಟು! ದಾಖಲಾತಿಯ ವ್ಯತ್ಯಾಸ ಒಂದಿಷ್ಟನ್ನು ವಿವರಿಸುತ್ತದೆ, ಎಲ್ಲವನ್ನೂ ಅಲ್ಲ. ಅಂಕಿಗಳ ಮೇಲೆ ಸಂಶಯಪಡುವವರು ಅರ್ಧ ದಾರಿಯಲ್ಲೇ ನಿಂತುಬಿಡುವುದು ಸಾಮಾನ್ಯ. ಸಂಶಯವನ್ನೂ ಅಳೆದು ನೋಡಬೇಕು.

ಆದ್ದರಿಂದ ಎರಡು ದೇಶಗಳ ಸಂಖ್ಯೆ ಎದುರಿಗೆ ಬಂದಾಗ ನಾನು ಮೊದಲು ಕೇಳುವುದು ‘ಯಾರದು ಹೆಚ್ಚು’ ಎಂದಲ್ಲ, ‘ಯಾವ ವಯಸ್ಸಿನಲ್ಲಿ ಹೆಚ್ಚು’ ಎಂದು. ನಮ್ಮ ದೇಶದೊಳಗೇ ಇದು ಗೋಚರಿಸುತ್ತದೆ. 2016-20ರ ಕೋಷ್ಟಕದಲ್ಲಿ ಕೇರಳ 75, ಛತ್ತೀಸ್‌ಗಢ 65. ಒಂದೇ ದೇಶದಲ್ಲಿ ಹತ್ತು ವರ್ಷದ ಅಂತರ. ಶಿಶುಮರಣ 2020ರಲ್ಲಿ ಕೇರಳದಲ್ಲಿ ಸಾವಿರಕ್ಕೆ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43. ‘ಭಾರತೀಯರ ಆಯುಸ್ಸು’ ಎಂಬ ಒಂದೇ ಸಂಖ್ಯೆ ಇವೆಲ್ಲವನ್ನೂ ಕಲಸಿದ್ದು. ಶಿವಮೊಗ್ಗದಲ್ಲಿ ನಲ್ಲಿ ನೀರು, ಹತ್ತಿರದಲ್ಲೇ ಆಸ್ಪತ್ರೆ, ಜೀವನಪೂರ್ತಿ ಸಂಬಳ ಇದ್ದ ನಿಮಗೆ ಆ ಸರಾಸರಿ ಅಂಗಿ ಸರಿಹೊಂದುವುದಿಲ್ಲ.

ಜಪಾನಿನವರದು ರಕ್ತದ ಗುಣ, ಮೀನಿನ ಗುಣ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 1947ರಲ್ಲಿ ಜಪಾನಿನ ಗಂಡಸರ ಜೀವಿತಾವಧಿ 50, ಹೆಂಗಸರದು 54. ಅದೇ ರಕ್ತ, ಅದೇ ಮೀನು. ಆಮೇಲೆ ಕ್ಷಯ ಹಿಡಿತಕ್ಕೆ ಬಂತು, 1961ರಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಬಂತು. ದೊಡ್ಡ ಶತ್ರುವಾಗಿ ಉಳಿದದ್ದು ಮೆದುಳಿನ ರಕ್ತಸ್ರಾವ, ಅಂದರೆ ಪಾರ್ಶ್ವವಾಯು. ಉತ್ತರದ ಅಕಿತಾ ಪ್ರಾಂತ್ಯದಲ್ಲಿ ಚಳಿಗಾಲಕ್ಕೆಂದು ಉಪ್ಪಿನಲ್ಲಿಟ್ಟ ತರಕಾರಿ, ಉಪ್ಪು ಮೀನು ತಿಂದು ಜನರ ದೇಹಕ್ಕೆ ದಿನಕ್ಕೆ 20 ಗ್ರಾಂಗೂ ಹೆಚ್ಚು ಉಪ್ಪು ಸೇರುತ್ತಿತ್ತು. 60ರ ದಶಕದಿಂದ ಊರೂರಿನಲ್ಲಿ ರಕ್ತದೊತ್ತಡ ಅಳೆಯುವುದು, ಮಾತ್ರೆ ಕೊಡುವುದು, ಉಪ್ಪು ಇಳಿಸುವುದು ನಡೆದು ಪಾರ್ಶ್ವವಾಯುವಿನ ಸಾವು ಗಣನೀಯವಾಗಿ ತಗ್ಗಿತು. ಮನೆಯಲ್ಲೇ ಇಂಥದ್ದು ಮಾಡಲು ಡಲ್ಲಾಸ್‌ಗೆ ಹೋಗಬೇಕಿಲ್ಲ, ಟೋಕಿಯೋಗೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪು. ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಾರು ಎಲ್ಲ ಸೇರಿದ ನಮ್ಮ ಎಲೆಯಲ್ಲಿ ಅದು ಒಂದೇ ಊಟಕ್ಕೆ ಮುಗಿದುಹೋಗುವ ಲೆಕ್ಕ. ನಿಮ್ಮ ವಯಸ್ಸಿನಲ್ಲಿ ರಕ್ತದೊತ್ತಡ, ಸಕ್ಕರೆ, ತಂಬಾಕು ಈ ಮೂರನ್ನು ನೋಡಿಕೊಂಡರೆ ಯಾವ ದೇಶದ ಪಟ್ಟಿಗಿಂತಲೂ ಹೆಚ್ಚು ಉಪಯೋಗ.

ಇನ್ನು ಹಣ. ನಾನು ಹೂಡಿಕೆ ಸಲಹೆಗಾರನಲ್ಲ, ಎಷ್ಟು ವರ್ಷಕ್ಕೆ ಯೋಜಿಸಬೇಕು ಎಂಬುದನ್ನಷ್ಟೇ ಹೇಳಬಲ್ಲೆ. ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋದವರು ನಿಮ್ಮ ಪತ್ನಿ. ಅವರಿಗೆ 61, ಹೆಂಗಸರ ಆಯುಸ್ಸು ಸರಾಸರಿ ಹೆಚ್ಚು, ನಿಮಗಿಂತ ಆರು ವರ್ಷ ಚಿಕ್ಕವರು ಬೇರೆ. ಅವರು ಒಬ್ಬರೇ ಉಳಿದು ಹತ್ತು ವರ್ಷ ಬದುಕುವುದು ಅಪರೂಪದ ಸಂಗತಿಯೇನಲ್ಲ. ಆದ್ದರಿಂದ ಇಬ್ಬರಲ್ಲಿ ಕೊನೆಯವರೆಗೆ ಉಳಿಯುವವರ 90ನೇ ವಯಸ್ಸಿನವರೆಗೆ, ಅಂದರೆ ಸುಮಾರು ಮೂವತ್ತು ವರ್ಷಕ್ಕೆ ಯೋಜಿಸಿ. ಸರಾಸರಿಗೆ ತಕ್ಕಂತೆ ಹಣ ಇಟ್ಟರೆ, ಅರ್ಧದಷ್ಟು ಜನ ಹಣ ಮುಗಿದ ಮೇಲೂ ಬದುಕಿರುತ್ತಾರೆ.

ಜೀವನಪೂರ್ತಿ ತಿಂಗಳ ಮೊತ್ತ ಕೊಡುವ ಪಿಂಚಣಿ ಪಾಲಿಸಿಗಳು ಎಲ್‌ಐಸಿ ಮತ್ತು ಇತರ ವಿಮಾ ಕಂಪನಿಗಳಲ್ಲಿವೆ. ಕೊಳ್ಳುವುದಾದರೆ ಇಬ್ಬರ ಜೀವಕ್ಕೂ ಅನ್ವಯಿಸುವ ಜಂಟಿ ಆಯ್ಕೆಯನ್ನೇ ಕೇಳಿ. ಒಂದು ತಮಾಷೆ ಗಮನಿಸಿ: ಪಿಂಚಣಿ ಪಾಲಿಸಿಯ ದರ ನಿಗದಿಗೆಂದು ಕಂಪನಿಗಳು ದೇಶದ ಸರಾಸರಿ ಕೋಷ್ಟಕ ಬಳಸುವುದಿಲ್ಲ, ಪಿಂಚಣಿ ಕೊಂಡವರದೇ ಪ್ರತ್ಯೇಕ ಮರಣ ಕೋಷ್ಟಕ ಇದೆ. ಯಾಕೆಂದರೆ ಪಿಂಚಣಿ ಕೊಳ್ಳುವವರು ಸರಾಸರಿಗಿಂತ ಹೆಚ್ಚು ಬದುಕುತ್ತಾರೆ ಎಂದು ಅವರಿಗೆ ಗೊತ್ತು. ನೀವು ನಿಮಗೆ ಮೂರು ವರ್ಷ ಕೊಟ್ಟುಕೊಂಡಿರಿ, ಕಂಪನಿಯವರು ಅಷ್ಟು ಕಡಿಮೆ ಕೊಡುವುದಿಲ್ಲ. ಇದರ ಅಪಾಯವೆಂದರೆ ಮೊತ್ತ ಸಾಮಾನ್ಯವಾಗಿ ಬದಲಾಗುವುದಿಲ್ಲ, ಬೆಲೆಗಳು ಏರುತ್ತಲೇ ಇರುತ್ತವೆ, ಹಾಕಿದ ಹಣ ಬೇಕೆಂದಾಗ ಕೈಗೆ ಸಿಗುವುದಿಲ್ಲ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಇರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರಿಂದ 30 ಲಕ್ಷ ರೂಪಾಯಿ ಮಿತಿ. ಪತ್ನಿಯೂ 60 ದಾಟಿರುವುದರಿಂದ ಅವರ ಹೆಸರಿನಲ್ಲಿ ಬೇರೆಯೇ ಖಾತೆ ತೆರೆಯಬಹುದು. ಭದ್ರ, ಆದರೆ ಅವಧಿ ಐದು ವರ್ಷ, ಆಮೇಲೆ ಬಡ್ಡಿ ಎಷ್ಟಿರುತ್ತದೋ ಯಾರೂ ಹೇಳಲಾರರು. ಎಲ್ಲವನ್ನೂ ಒಂದೇ ಕಡೆ ಹಾಕದಿರುವುದು ಒಳ್ಳೆಯದು. ಮಗಳಿಗೆ ಸೇರಬೇಕಾದದ್ದನ್ನು ದಾನಪತ್ರದಲ್ಲಿ ಈಗಲೇ ಕೊಡುವ ಬದಲು ಉಯಿಲಿನಲ್ಲಿ ಬರೆಯಿರಿ. ದಾನಪತ್ರ ನೋಂದಣಿಯಾದರೆ ಹಿಂದಕ್ಕೆ ಪಡೆಯುವುದು ಕಷ್ಟ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗಿ ರದ್ದುಪಡಿಸಲು ದಾರಿ ಇದೆ, ಆದರೆ ಮಗಳ ಮೇಲೆ ಅರ್ಜಿ ಹಾಕುವ ಪರಿಸ್ಥಿತಿ ಯಾರಿಗೂ ಬೇಡ.

ಡಲ್ಲಾಸ್‌ಗೆ ಹೋದರೆ ಆಯುಸ್ಸು ಹೆಚ್ಚುತ್ತದೆಯೇ? ಅಮೆರಿಕದಲ್ಲಿರುವ ಏಷ್ಯಾ ಮೂಲದವರ ಜೀವಿತಾವಧಿ 2019ರಲ್ಲಿ 85.6 ಇತ್ತು, ಜಪಾನಿಗಿಂತಲೂ ಹೆಚ್ಚು. ಇದನ್ನು ತೋರಿಸಿ ಮಗಳು ವಾದಿಸಬಹುದು. ಆದರೆ ಅವರಲ್ಲಿ ಬಹಳಷ್ಟು ಜನ ಓದಿ, ಕೆಲಸ ಗಿಟ್ಟಿಸಿ, ಆರೋಗ್ಯವಂತರಾಗಿ ಹರೆಯದಲ್ಲೇ ಹೋದವರು. ಅಲ್ಲಿಯ ಗಾಳಿ ನೀರಿಗೆ ಇದರ ಶ್ರೇಯಸ್ಸು ಸಲ್ಲುವುದಿಲ್ಲ, 67ಕ್ಕೆ ವಿಮಾನ ಹತ್ತಿದವರಿಗೆ ಆ ಸಂಖ್ಯೆ ಅಂಟಿಕೊಳ್ಳುವುದೂ ಇಲ್ಲ. ಮಗಳು ಮೊಮ್ಮಕ್ಕಳ ಜೊತೆ ಇರಬೇಕೆಂಬ ಆಸೆಗೆ ಅಂಕಿಅಂಶದ ಸಮರ್ಥನೆ ಬೇಕಿಲ್ಲ, ಅದಕ್ಕಾಗಿ ಹೋಗಿ. ಆದರೆ ಚಿಕಿತ್ಸೆಯ ಖರ್ಚನ್ನು ಮೊದಲು ವಿಚಾರಿಸಿ. ಗ್ರೀನ್ ಕಾರ್ಡ್ ಸಿಕ್ಕರೂ, ಅಲ್ಲಿ ದುಡಿಯದ 65 ದಾಟಿದವರು ಮೆಡಿಕೇರ್ ಎಂಬ ಸರ್ಕಾರಿ ವಿಮೆಗೆ ಹಣ ಕಟ್ಟಿ ಸೇರಬೇಕಾದರೆ ಸತತ ಐದು ವರ್ಷ ಅಲ್ಲಿ ವಾಸವಿರಬೇಕು. ಅಲ್ಲಿಯವರೆಗೆ ಮಗಳು ಖಾಸಗಿ ವಿಮೆ ಹುಡುಕಬೇಕು. ಭೇಟಿಗೆ ಬರುವವರಿಗೆ ಮಾರುವ ವಿಮೆಗಳು ಮೊದಲೇ ಇದ್ದ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ, ಅಂದರೆ ರಕ್ತದೊತ್ತಡ ಇದ್ದವರಿಗೆ ಹೃದಯಾಘಾತವಾದರೆ ಜಗಳ ಶುರು.

ಹಾಗಾಗಿ ವರ್ಷಕ್ಕೆ ಕೆಲವು ತಿಂಗಳು ಅಲ್ಲಿ, ಉಳಿದದ್ದು ಇಲ್ಲಿ ಎಂಬುದು ನಿಮ್ಮ ಮಟ್ಟಿಗೆ ಸುರಕ್ಷಿತ ಎಂದು ನನಗೆ ಅನ್ನಿಸುತ್ತದೆ. ಹೋಗುವ ಮೊದಲು ಇಲ್ಲಿಯ ಆರೋಗ್ಯ ವಿಮೆಯನ್ನು ಭದ್ರಪಡಿಸಿಕೊಳ್ಳಿ. 2024ರಿಂದ ಹೊಸ ಪಾಲಿಸಿ ಕೊಳ್ಳಲು 65ರ ವಯೋಮಿತಿ ಇಲ್ಲ, ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಅವಧಿಯೂ ಗರಿಷ್ಠ ಮೂರು ವರ್ಷ. ನಿಮ್ಮ ವಯಸ್ಸಿಗೆ ಕಂತು ದುಬಾರಿ ಎಂಬುದು ನಿಜ. ಈಗಾಗಲೇ ಪಾಲಿಸಿ ಇದ್ದರೆ ಅದರ ನವೀಕರಣದ ತಾರೀಕನ್ನು ಮಗಳಿಗೂ ತಿಳಿಸಿಡಿ. ನೀವು ಡಲ್ಲಾಸ್‌ನಲ್ಲಿರುವಾಗ ಅದು ತಪ್ಪಿಹೋದರೆ, ಮರಳಿ ಬಂದ ಮೇಲೆ ಕಾಯುವ ಅವಧಿ ಮೊದಲಿನಿಂದ ಶುರುವಾಗಬಹುದು.